ದವಡೆದರ್ಶಿನಿಯ ಮೂರು ಬೆರಳು

"ಅತ್ತಿಗೆ, ಇನ್ನು ಯಾವ ಡಾಕ್ಟರೂ ಬ್ಯಾಡ! ದವಡೆದರ್ಶಿನಿ ಬಂತು!"

ಮಿಕ್ಸಿ ರಿಪೇರಿಯ ರೇವಣ್ಣ ಕುಕ್ಕರಿನ ಹಿಡಿ, ಸೈಕಲ್ ಬ್ರೇಕು, ಹಳೆಯ ಮೊಬೈಲು ಸೇರಿಸಿ ಕಟ್ಟಿದ ಯಂತ್ರವನ್ನು ಹೆಮ್ಮೆಯಿಂದ ಅತ್ತಿಗೆ ಮಂದಾಕಿನಿಯ ಮುಂದಿಟ್ಟ. ಅವಳಿಗೆ ಅಳು ಬಂತು. ಒಂಬತ್ತು ವರ್ಷದಿಂದ ಬಸ್ ನಿಲ್ದಾಣದಲ್ಲಿ ದಿನಗೂಲಿಗೆ ಬಸ್ಸುಗಳ ಹೆಸರು ಕೂಗುತ್ತಿದ್ದವಳು. ಆ ಕೆಲಸ ಕಾಯಂ ಆಗಲು ಧ್ವನಿಪರೀಕ್ಷೆ ಇವತ್ತೇ, ಹನ್ನೊಂದಕ್ಕೆ. ದವಡೆಯೋ, ತೆರೆದರೆ ಕಿವಿಯ ಮುಂದೆ ಟಕ್ ಎನ್ನುತ್ತಿತ್ತು. ಇಡ್ಲಿ ಕೂಡ ಅಪ್ಪಣೆ ಕೇಳಿ ಒಳಗೆ ಹೋಗಬೇಕಿತ್ತು.

"ಸರಿಯಾದ ಬಾಯಾಗೆ ಮೂರು ಬೆರಳು ಹಿಡಿಸ್ಬೇಕಂತೆ. ಆ ಅಳತೆ ಇದಕ್ಕೆ ಕಲ್ಸೀನಿ. ನಿಮ್ಮ ದನೀನೂ ಕಲ್ಸೀನಿ, ಏನ್ ಬೇಕಾದ್ರೂ ಮಾತಾಡ್ತೈತೆ!"

"ನನ್ನ ದನಿ ಯಾಕೋ ಇದಕ್ಕೆ?"

"ಕೇಳೋಕೆ ಚೆಂದ ಐತಲ್ಲ!"

ಗುಂಡಿ ಒತ್ತಿದ. ಯಂತ್ರ ಅವಳ ಹಲ್ಲುಗಳ ನಡುವೆ ಹೊಕ್ಕು, ಅವಳದೇ ದನಿಯಲ್ಲಿ ಗದರಿತು: "ಸಾಲದು! ಇನ್ನೂ ಅಗಲಿಸಿ! ಇನ್ನೂ!" ಟಕ್! ತೆರೆದ ಬಾಯಿ ತೆರೆದೇ ನಿಂತಿತು!

ರೇವಣ್ಣ ಅವಳನ್ನು ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಫಿಸಿಯೋಥೆರಪಿಯ ಫರ್ಹಾನಾ ಮೇಡಂ ಮೊದಲು ದವಡೆಯನ್ನು ಮೆಲ್ಲಗೆ ಕೂರಿಸಿದರು. ಆಮೇಲೆ ಕಿವಿಗಳ ಮುಂದೆ ಬೆರಳಿಟ್ಟು, "ನಿಧಾನ ತೆಗೀರಿ... ಮುಚ್ಚಿ" ಎನ್ನುತ್ತಾ ಗಲ್ಲ ಯಾವ ಕಡೆ ಜಾರುತ್ತದೆಂದು ನೋಡಿದರು. ಅವಳ ಕತ್ತು ಅತ್ತಿತ್ತ ತಿರುಗಿಸಿ ನೋಡಿದರು. "ಹಲ್ಲು ಬಿಗಿಯಾಗಿ ಕಚ್ಚೋದು ಯಾವಾಗ?" ಎಂದರು.

ಮಂದಾಕಿನಿ ಮೈದುನನ ಕಡೆ ಕೈ ತೋರಿಸಿದಳು.

"ಏನ್ರೀ, ಅಳತೆಗೆ ಯಾರ ಬೆರಳಿಟ್ರಿ?"

"ನನ್ವೇ ಮೇಡಂ!" ರೇವಣ್ಣ ಪಚ್ಚಬಾಳೆಯಂಥ ಮೂರು ಬೆರಳೆತ್ತಿದ.

"ಅವ್ರ ಬಾಯಿಗೆ ಅವ್ರ ಬೆರಳೇ ಅಳತೆ ಕಣ್ರೀ! ಈಗ ಬಿಸಿ ಶಾಖ, ಮೆತ್ತನೆ ಊಟ. ವಾರ ಪೂರ್ತಿ ಮಾತು ಬಂದ್."

ಗಡಿಯಾರದಲ್ಲಿ ಹತ್ತೂವರೆ. ಮಂದಾಕಿನಿ ರಜೆ ಚೀಟಿ ಬರೆದು ರೇವಣ್ಣನ ಕೈಗಿಟ್ಟಳು.

ಅವನು ಬಸ್ ನಿಲ್ದಾಣದ ಕಂಟ್ರೋಲರ್ ಮೇಜಿನ ಮೇಲೆ ಚೀಲವಿಟ್ಟಾಗ ಒಳಗಿದ್ದ ಯಂತ್ರದ ಗುಂಡಿ ಒತ್ತಿಕೊಂಡಿತು. "ಇನ್ನೂ ಅಗಲಿಸಿ!"

"ಅಬ್ಬಾ, ಏನ್ ದನಿ!" ಕಂಟ್ರೋಲರ್ ಎದ್ದು ನಿಂತರು. "ಇದು ರಜೆ ಕೇಳಲ್ಲ ಹೌದಲ್ಲೋ?"

ವಾರ ಕಳೆದು ಮಂದಾಕಿನಿ ನಿಲ್ದಾಣಕ್ಕೆ ಬಂದಳು. ಮೈಕಿನ ಮುಂದೆ ದವಡೆದರ್ಶಿನಿ ಕೂತಿತ್ತು, ಅವಳದೇ ದನಿಯಲ್ಲಿ ಕೂಗುತ್ತಿತ್ತು: "ಹರಪನಹಳ್ಳಿ ಬಸ್ಸು ಮೂರನೇ ಅಂಕಣಕ್ಕೆ ಬರಲಿದೆ. ಇನ್ನೂ ಅಗಲಿಸಿ!" ಸಾಲಿನಲ್ಲಿದ್ದ ಜನವೆಲ್ಲ ಬಾಯಿ ತೆರೆದರು. ಅಭ್ಯಾಸವಾಗಿತ್ತು.

ಅವಳೂ ತೆರೆದಳು. ಟಕ್ ಎನ್ನಲಿಲ್ಲ. ಅವಳವೇ ಮೂರು ಬೆರಳು ಸಲೀಸಾಗಿ ಹಿಡಿಸಿದವು.

ಕೂಗಲು ಮಾತ್ರ ಬಸ್ಸು ಉಳಿದಿರಲಿಲ್ಲ.