ಉಣ್ಣೆಯಾನೆಯ ಡಂಗುರ

ಸವಣೂರಿಗೆ ನಾನು ವಿಜ್ಞಾನದ ಮಾಸ್ತರನಾಗಿ ಹೋದ ಹೊಸತು. ಹಾನಗಲ್ಲಿನ ಚನ್ನಬಸಪ್ಪನವರು ಮಗಳಿಗೆ ವರ ನೋಡಲು, ಅಂದರೆ ನನ್ನನ್ನು ನೋಡಲು, ಬರುವವರಿದ್ದರು. ಹುಡುಗಿಯನ್ನು ನಾನು ಮೊದಲೇ ನೋಡಿದ್ದೆ. ಆಕೆ ಒಮ್ಮೆ ನಕ್ಕಿದ್ದಳು. ಅಂದಿನಿಂದ ನನಗೆ ಊಟ ಸೇರುತ್ತಿರಲಿಲ್ಲ!

ಹುಡುಗ ಮಹಾವಿದ್ವಾಂಸನೆಂದು ಮಾವನವರಿಗೆ ಮನದಟ್ಟಾಗಲಿ ಎಂದು ಅವರು ಬರುವ ದಿನದ ಸಂಜೆಯೇ ಶಾಲೆಯ ಬಯಲಿನಲ್ಲಿ ನನ್ನದೊಂದು ಭಾಷಣ ಇಟ್ಟುಕೊಂಡೆ. ವಿಷಯವೂ ಘನವಾದದ್ದೇ. ಸಾವಿರಾರು ವರ್ಷಗಳ ಹಿಂದೆ ಅಮೆರಿಕಾ ಖಂಡದಲ್ಲಿ ಅಲೆದಾಡಿ ನಿರ್ನಾಮವಾದ, ಮೈತುಂಬ ಉಣ್ಣೆಯಿದ್ದ ಆನೆಗಳು.

ಡಂಗುರ ಸಾರಲು ಫಕೀರಪ್ಪನನ್ನು ಕರೆಸಿದೆ. ನನ್ನ ಬಾಯಲ್ಲಿ ಸವಣೂರಿನ ಎಲೆಯಡಿಕೆ ತುಂಬಿತ್ತು.

"ಅಮೆರಿಕಾ ಖಂಡದ ಉಣ್ಣಿ ಆನಿ ಅಂತ ಸಾರು," ಎಂದೆ.

"ಖಂಡಾ ಉಣ್ಣೂ ಆನಿ? ಖರೇನ್ರಿ ಸರ?"

ಉಗುಳಿ ಉತ್ತರಿಸಲು ಸೋಮಾರಿತನ. ಗಂಭೀರವಾಗಿ ತಲೆಯಾಡಿಸಿದೆ. ಅವನ ಮುಖ ಬಿಳಿಚಿಕೊಂಡಿತು. ವಿದ್ಯೆಯ ಮೇಲಿನ ಭಕ್ತಿ ಎಂದುಕೊಂಡೆ!

ಸಂಜೆ ಬಯಲಿಗೆ ಹೋದರೆ ಒಂದು ನರಪಿಳ್ಳೆಯೂ ಇಲ್ಲ. ಪೇಟೆಯ ಬಾಗಿಲುಗಳೆಲ್ಲ ಬಂದ್! ಖಾರದ ಅಂಗಡಿಯವನು ಕುದಿಯುವ ಎಣ್ಣೆಯನ್ನೂ ಬಿಟ್ಟು ಓಡಿದ್ದ. ಮಾಳಿಗೆಯ ಮೇಲಿಂದ ನೆರೆಮನೆಯ ಗಂಗವ್ವ ಕಿರುಚಿದಳು.

"ಮಾಸ್ತರ, ಒಳಗ ಬರ್ರಿ! ಖಂಡಾ ಉಣ್ಣೂ ಆನಿ ಬರಾಕತ್ತಾವಂತ!"

ನಮ್ಮ ಕಡೆ ಖಂಡ ಎಂದರೆ ಮಾಂಸ. ಕತ್ತೆತ್ತಿ ಕೇಳಿದೆ.

"ಯಾರು ಹೇಳಿದ್ರು?"

"ಫಕೀರಪ್ಪ ಸಾರ್ಯಾನಲ್ರಿ! ಸಾಲಿಗೆ ಅಮೆರಿಕಾದ ಹಾಲಿನ ಪುಡಿ ಬಂದಂಗ ಆನೀನೂ ಬಂದಾವಂತ. ನೀವ ತರಸೀರಂತ!"

ಅಯ್ಯೋ, ಹಾನಗಲ್ ಬಸ್ಸು ಬರುವ ಹೊತ್ತು! ಧೋತರ ಎತ್ತಿ ಕಟ್ಟಿ ಓಡಿದೆ. ಬಸ್ಸು ನಿಂತಿತ್ತು, ಆದರೆ ಯಾರೂ ಇಳಿಯುತ್ತಿರಲಿಲ್ಲ. ಕಿಟಕಿಯಲ್ಲಿ ಚನ್ನಬಸಪ್ಪನವರ ರುಮಾಲು ಗಡಗಡ ನಡುಗುತ್ತಿತ್ತು.

"ಆನಿ ಎಲ್ಲಿ ಅದಾವ?" ಎಂದರು.

"ಇಲ್ರಿ! ಅವು ಸತ್ತು ಸಾವಿರಾರು ವರ್ಷ ಆಗ್ಯಾವ್ರಿ!"

"ಮತ್ತ ಇವತ್ಯಾಕ ಸಾರಿದ್ರು?"

"ನಾನ ಸಾರಸೇನ್ರಿ. ನೀವು ಬರ್ತೀರಿ ಅಂತ."

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸತ್ತ ಆನಿ ಸಲುವಾಗಿ ಇಷ್ಟು ಗದ್ಲಾ ಮಾಡಾಂವಾ, ಜೀವಂತ ಹೇಂತಿನ್ನ ಹೆಂಗ ಬಾಳಸ್ತಾನ? ಕಂಡಕ್ಟರ್, ಹೊಡೀರಿ ಗಂಟಿ!"

ಬಸ್ಸು ಬಂದ ದಾರಿಯಲ್ಲೇ ತಿರುಗಿತು. ನಾನು ಧೂಳಿನಲ್ಲಿ ನಿಂತು ಕೈಮುಗಿಯುತ್ತಲೇ ಇದ್ದೆ. ಅಳು ಬಂತು. ಆ ಆನೆಗಳು ನಿರ್ನಾಮವಾಗಲು ಎಷ್ಟೋ ಕಾಲ ಹಿಡಿಯಿತಂತೆ. ನನಗೆ ಒಂದೇ ಡಂಗುರ ಸಾಕಾಯಿತು!

ಹುಡುಗಿಯನ್ನು ಹಿರೇಕೆರೂರಿನ ಕಿರಾಣಿ ಅಂಗಡಿಯವನಿಗೆ ಕೊಟ್ಟರು. ಒಳ್ಳೆಯ ವರನಂತೆ. ಆನೆಯ ವಿಷಯ ಅವನಿಗೆ ಏನೇನೂ ಗೊತ್ತಿಲ್ಲವಂತೆ!