ಅತ್ತೆಯ ಕಣ್ಣು, ನನ್ನ ಶಾಕಪ್ಸರ್

ಹದಿನೆಂಟು ದಿನ ಪರದೇಶದಲ್ಲಿ ಇದ್ದು ಬಂದವನ ಜೊತೆ ಬಾಳುವೆ ಮಾಡುವುದು ಎಷ್ಟು ಕಷ್ಟವೆಂದು ಅವನೊಬ್ಬನಿಗೆ ಮಾತ್ರ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ಅಲ್ಲೇ ಇದ್ದವರು ಹೇಗೋ ಹದಕ್ಕೆ ಬಂದಿರುತ್ತಾರೆ. ಅಲ್ಲಿಯ ಚಳಿ, ಬಾಡಿಗೆ, ಬೇಸರ ಎಲ್ಲವನ್ನೂ ಕಂಡು ಮಾತು ಕಡಿಮೆ ಮಾಡಿರುತ್ತಾರೆ. ಹದಿನೆಂಟು ದಿನದವರು ಹಾಗಲ್ಲ, ಅವರಿಗೆ ಕಂಡದ್ದೆಲ್ಲ ಚಂದ, ನೆನಪಿದ್ದದ್ದೆಲ್ಲ ಇನ್ನೂ ಚಂದ. ನಾನು ಆ ಜಾತಿಯವನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲಗಳನ್ನು ತಂಪಿನಲ್ಲಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಾನು ಮ್ಯಾನೇಜರ್. ಕೆಲವು ವರ್ಷಗಳ ಹಿಂದೆ, ಹೊಸ ಯಂತ್ರ ನೋಡಿಕೊಂಡು ಬಾ ಎಂದು ನಮ್ಮ ಮಾಲಕರು ನನ್ನನ್ನು ಜರ್ಮನಿಗೆ ಕಳಿಸಿದರು. ಯಂತ್ರದ ಬಗ್ಗೆ ನಾನು ಕೊಟ್ಟ ವರದಿ ಒಂದೇ ಪುಟ. ಅಲ್ಲಿಯ ರಸ್ತೆಯ ಬಗ್ಗೆ ನಾನು ಕೊಡುತ್ತಿರುವ ವರದಿ ಇನ್ನೂ ಮುಗಿದಿಲ್ಲ.

ಅಲ್ಲಿ ನನ್ನನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದ ಡ್ರೈವರ್ ವಯಸ್ಸಾದ ಗೃಹಸ್ಥ. ಮೊದಲನೆಯ ದಿನ ಕೂತವನೇ ನಾನು ಬಾಗಿಲ ಮೇಲಿನ ಹಿಡಿಕೆಯನ್ನು ಭದ್ರವಾಗಿ ಹಿಡಿದುಕೊಂಡೆ. ಅರ್ಧ ಗಂಟೆ ನೋಡಿ ಆತ, ಭಯವಾಗುತ್ತಿದೆಯೇ ಎಂದು ಕೇಳಿದ. ಭಯವಲ್ಲ, ರೂಢಿ ಎಂದು ಹೇಳಿ ಹಿಡಿಕೆ ಬಿಟ್ಟೆ. ಬಿಟ್ಟ ಮೇಲೆ ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ನನಗೆ ತಿಳಿಯಲೇ ಇಲ್ಲ. ಈ ಕಾರಿನ ಶಾಕ್ ಅಬ್ಸಾರ್ಬರ್ ಯಾವಾಗ ಬದಲಿಸಿದಿರಿ ಎಂದು ಕೇಳಿದೆ. ಗಾಡಿ ಕುಲುಕದಂತೆ ಗಾಲಿಯ ಹತ್ತಿರ ಕೂತು ಪೆಟ್ಟು ತಿನ್ನುವ ಈ ಸಾಧನಕ್ಕೆ ನಮ್ಮ ಕಡೆ ಎಲ್ಲರೂ ಶಾಕಪ್ಸರ್ ಎನ್ನುತ್ತಾರೆ. ಆತ ತುಸು ಯೋಚಿಸಿ, "ಅದನ್ನು ಬದಲಿಸಬೇಕೇ?" ಎಂದ. ನನ್ನ ಕಾರು ಅಷ್ಟರಲ್ಲಿ ಎರಡು ಜೋಡಿ ಶಾಕಪ್ಸರ್ ತಿಂದು ಮೂರನೆಯದಕ್ಕೆ ಬಾಯಿ ತೆರೆದಿತ್ತು. ಆ ಡ್ರೈವರನ ಮಾತನ್ನು ನಾನು ಹೇಳದ ಮನೆ ಹಾವೇರಿ ಜಿಲ್ಲೆಯಲ್ಲಿ ಉಳಿದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ತಕ್ಕಡಿಗೆ ಇನ್ನೊಂದು ತಟ್ಟೆಯೂ ಇದೆ. ಮರುವರ್ಷ ನಾನು, ನನ್ನ ಹೆಂಡತಿ ಗಿರಿಜಾ ಯಾತ್ರೆಯವರ ಜೊತೆ ನೇಪಾಳಕ್ಕೆ ಹೋಗಿದ್ದೆವು. ಅಲ್ಲಿಯ ಬೆಟ್ಟದ ರಸ್ತೆಯಲ್ಲಿ ಬಸ್ಸು ನೆಗೆದಾಗ ಇಬ್ಬರೂ ಸೀಟು ಬಿಟ್ಟು ಮೇಲೆದ್ದು, ಕೆಳಗೆ ಬರುವಾಗ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತೆವು. ಊರಿಗೆ ಬಂದ ಮೇಲೆ ಎಂಟು ದಿನ ನಮ್ಮ ರಸ್ತೆಗಳೇ ನನಗೆ ಜರ್ಮನಿಯಂತೆ ಕಂಡವು. ಒಂಬತ್ತನೆಯ ದಿನ ಮತ್ತೆ ನಮ್ಮವೇ ಆದವು. ರಾಣೇಬೆನ್ನೂರಿನಿಂದ ಮೋಟೆಬೆನ್ನೂರಿನ ಮೇಲೆ ಹಾವೇರಿಗೆ ಹೋಗುವ ದೊಡ್ಡ ಹೆದ್ದಾರಿಗೆ ಹೆಸರಿಡುವಂತಿಲ್ಲ, ಅದು ಯಾವ ದೇಶಕ್ಕೂ ಸಲ್ಲುತ್ತದೆ. ನಮ್ಮ ಕಷ್ಟವೆಲ್ಲ ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಮೇಲೆ. ಒಮ್ಮೆ ಗಿರಿಜಾ ತವರಿನಿಂದ ಡಬ್ಬಿ ತುಂಬ ಮೊಸರು ತಂದಳು. ಮನೆಗೆ ಬಂದು ಮುಚ್ಚಳ ತೆಗೆದರೆ ಮೇಲೆ ಬೆಣ್ಣೆ ತೇಲುತ್ತಿತ್ತು. ಜರ್ಮನಿಯಲ್ಲಾಗಿದ್ದರೆ ಮೊಸರು ಮೊಸರಾಗಿಯೇ ಉಳಿಯುತ್ತಿತ್ತು ಎಂದೆ. "ಬೆಣ್ಣಿ ಬಿಟ್ಟಿ ಸಿಕ್ಕೈತಿ, ಸುಮ್ನ ತಿನ್ರಿ" ಎಂದಳು.

ಈಗ ನನ್ನ ಅತ್ತೆಯ ವಿಷಯಕ್ಕೆ ಬರುತ್ತೇನೆ. ಗಿರಿಜಾಳ ತಾಯಿ ಅಗಡಿಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಅಳಿಯನ ಎದುರಿಗೆ ಕೂಡಬಾರದು, ನೇರವಾಗಿ ಮಾತಾಡಬಾರದು ಎಂಬ ಹಳೆಯ ಕಾಲದ ಶಿಸ್ತಿನವರು. ಇಪ್ಪತ್ತೆರಡು ವರ್ಷಗಳಿಂದ ನಾನು ಪಡಸಾಲೆಯಲ್ಲಿ ಕೂತರೆ ಅವರು ಬಾಗಿಲ ಮರೆಯಲ್ಲಿ ನಿಂತು, "ಅಳಿಯಾರಿಗೆ ಚಾ ಬೇಕೇನ ಕೇಳವಾ" ಎಂದು ಮಗಳಿಗೆ ಹೇಳುತ್ತಾರೆ. ನಾನು "ಬೇಕು" ಎಂದದ್ದು ಅವರಿಗೆ ಚೆನ್ನಾಗಿ ಕೇಳಿಸುತ್ತದೆ. ಆದರೂ ಮಗಳು ಹೋಗಿ ಇನ್ನೊಮ್ಮೆ ಹೇಳಬೇಕು. ಹೀಗಾಗಿ ನನ್ನ ಬಗ್ಗೆ ಅವರ ಅಭಿಪ್ರಾಯವೇನು ಎಂಬುದು ಇಷ್ಟು ವರ್ಷವಾದರೂ ನನಗೆ ಗೊತ್ತಾಗಿರಲಿಲ್ಲ. ಬಾಯಿ ತುಂಬ ಮಾತಾಡುವ ನನ್ನಂಥವನಿಗೆ ಇದೊಂದು ಸಣ್ಣ ಮುಳ್ಳು.

ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಲೆಯ ಮೇಲಿನ ರೊಟ್ಟಿ ಕಾಣದೆ ಕೈ ಸುಟ್ಟುಕೊಂಡರೂ ಆಪರೇಷನ್ನಿಗೆ ಒಪ್ಪಲಿಲ್ಲ. "ನನಗ ಕತ್ರಿ ಅಂದ್ರ ಹೆದರಿಕಿ" ಎಂದು ಎರಡು ವರ್ಷ ತಳ್ಳಿದರು. ಕೊನೆಗೆ ಒಪ್ಪಿಕೊಂಡು, ನನ್ನ ಕಾರು ಬೇಡ, ಬಸ್ಸೇ ಸಾಕು ಎಂದು ಮಗನ ಜೊತೆ ರಾಣೇಬೆನ್ನೂರಿನ ಕಣ್ಣಿನ ದವಾಖಾನೆಗೆ ಬಂದು ತೋರಿಸಿದರು. ನಾನೂ ಗಿರಿಜಾಳೂ ಅಲ್ಲಿಗೇ ಹೋಗಿದ್ದೆವು. ಮುಂದಿನ ವಾರ ಒಂದು ಕಣ್ಣು ಮಾಡೋಣ ಎಂದ ಡಾಕ್ಟರು ಎಚ್ಚರಿಕೆಯನ್ನೂ ಹೇಳಿದರು: "ಕಟ್ಟಿದ ಕಣ್ಣಿಗೆ ಧಕ್ಕಿ ತಾಗಬಾರ್ದು. ಬಸ್ಸಿನ್ಯಾಗ ಕರ್ಕೊಂಡ್ ಹೋಗಬ್ಯಾಡ್ರಿ. ಬ್ಯಾಡಗಿಗಂತೂ ಒಯ್ಯಬ್ಯಾಡ್ರಿ, ಮೆಣಸಿನಕಾಯಿ ಘಾಟಿಗೆ ಸೀನು ಹತ್ತಿದ್ರ ಎಲ್ಲಾ ಹಾಳಾಕ್ಕೈತಿ." ಅಂದರೆ ಅಗಡಿಗೇ ಹೋಗಬೇಕು, ಕಾರಿನಲ್ಲೇ ಹೋಗಬೇಕು. "ಮಾವಾರ ಗಾಡಿ ಐತಲ್ಲ" ಎಂದ ಗಿರಿಜಾಳ ತಮ್ಮ. ಎಂದವನು ಯಾಕೋ ತಾಯಿಯ ಮುಖ ನೋಡಿದ. ಎಲ್ಲರೂ ನನ್ನನ್ನು ನೋಡಿದರು. ನೋಡಲಾಗದ ಅತ್ತೆ ಕೂಡ ನನ್ನ ಕಡೆಗೇ ಮುಖ ತಿರುಗಿಸಿದರು. ಅವರ ಕಣ್ಣು ಈಗ ನನ್ನ ಕಾರಿನ ನಾಲ್ಕು ಗಾಲಿಗಳ ಮೇಲೆ ನಿಂತಿದೆ ಎಂದು ಆಗ ನನಗೆ ತಿಳಿಯಿತು.

ಮರುದಿನವೇ ಕಾರನ್ನು ಬ್ಯಾಡಗಿಯ ಮೆಕ್ಯಾನಿಕ್ ಖಾದರಸಾಬರ ಗ್ಯಾರೇಜಿಗೆ ಒಯ್ದೆ. ಅವರು ಬಾನೆಟ್ಟಿನ ಮೂಲೆಯನ್ನು ಒಮ್ಮೆ ಒತ್ತಿ ಕೈ ಬಿಟ್ಟರು. ಕಾರು ಮೇಲೆದ್ದಿತು, ಕುಳಿತಿತು, ಎದ್ದಿತು, ಮತ್ತೆ ಕುಳಿತಿತು. "ಒಮ್ಮೆ ಒತ್ತಿದ್ರ ಒಮ್ಮೆ ಎದ್ದು ನಿಂದರಬೇಕ್ರಿ ಸಾಹೇಬ್ರ. ಇದು ನಮಾಜು ಮಾಡಾಕತ್ತೈತಿ" ಎಂದು ನಕ್ಕರು. ನಾನು ಎಂದಿನಂತೆ ಜರ್ಮನಿಯ ಡ್ರೈವರನ ಕಥೆ ಶುರು ಮಾಡಿದೆ. ಅವರು ಕಾರಿನ ಕೆಳಗೆ ಮಲಗಿಕೊಂಡೇ ಪೂರ್ತಿ ಕೇಳಿ, ಅಲ್ಲಿಂದಲೇ ಹೇಳಿದರು: "ಅಲ್ಲಿ ಗಾಡಿ ರೋಡಿನ್ಮ್ಯಾಲ ಭರೋಸಾ ಇಟ್ಟೈತ್ರಿ. ಇಲ್ಲಿ ರೋಡು ಗಾಡಿ ಮ್ಯಾಲ ಭರೋಸಾ ಇಟ್ಟೈತಿ. ರೋಡು ನಿಮ್ಮ ಕೈಯಾಗಿಲ್ಲ, ಶಾಕಪ್ಸರ್ ಐತಿ. ಅದನ್ನರ ನೋಡ್ಕೊರ್ರಿ." ಜರ್ಮನಿಯ ಕಥೆಗೆ ಇಷ್ಟು ಚಿಕ್ಕ ಉತ್ತರ ಕೊಟ್ಟವರು ಅವರೊಬ್ಬರೇ.

ನಾಲ್ಕೂ ಶಾಕಪ್ಸರ್ ಬದಲಾದವು, ಸವೆದ ರಬ್ಬರು ಬುಷ್‌ಗಳು ಬದಲಾದವು. ಅತ್ತೆಯ ಕಣ್ಣಿನ ವಿಷಯ ಕೇಳಿ ಖಾದರಸಾಬರು ಟೈರಿನ ಗಾಳಿಯನ್ನೂ ಒಂದಿಷ್ಟು ಇಳಿಸಿದರು. ಆಮೇಲೆ ತುಂಬಿದ ತಂಬಿಗೆ ಹಿಡಿದು ತಾವೇ ಹಿಂದಿನ ಸೀಟಿನಲ್ಲಿ ಕೂತು, "ಹೊಡೀರಿ" ಎಂದರು. ಸ್ಟೇಷನ್ನಿನವರೆಗೆ ಹೋಗಿ ಬಂದೆವು. ಅಂಗಿಯ ಮೇಲೆ ನಾಲ್ಕೇ ಹನಿ ಬಿದ್ದಿದ್ದವು. ಅವರಿಗೆ ಅದೂ ಸಮಾಧಾನವಾಗಲಿಲ್ಲ. "ಇದು ನೀರಲ್ರಿ, ಅವ್ವಾರ ಕಣ್ಣು" ಎಂದು ಮತ್ತೆ ಕಾರಿನ ಕೆಳಗೆ ಹೋದರು. ಕಂಡರಿಯದ ಮುದುಕಿಯ ಕಣ್ಣಿಗಾಗಿ ಆ ಮನುಷ್ಯ ಎರಡು ದಿನ ಬೆನ್ನ ಮೇಲೆ ಮಲಗಿದ್ದರು. ಅವರ ಋಣ ನಾನು ಮರೆಯಲಾರೆ.

ಆಪರೇಷನ್ ಆದ ಮರುದಿನ ಬೆಳಿಗ್ಗೆ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಗಿರಿಜಾಳ ಪಕ್ಕ ಕೂಡಿಸಿದೆವು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಪೊರೆ, ಎರಡರ ಮೇಲೂ ಕರಿ ಚಸ್ಮಾ. ನಾನು ಪದ್ಧತಿಯಂತೆ ಇಂಜಿನ್ ಚಾಲೂ ಮಾಡಿ ಕೆಳಗಿಳಿದು ನಾಲ್ಕೂ ಗಾಲಿಗಳನ್ನು ಒದ್ದು, ಗಾಜು ಒರೆಸಿ, ಇನ್ನೊಮ್ಮೆ ಸುತ್ತು ಹಾಕಿದೆ. ಅಷ್ಟರಲ್ಲಿ ಗುಳಿಗೆಯ ಮಂಪರಿಗೆ ಅವರಿಗೆ ನಿದ್ದೆ ಹತ್ತಿತ್ತು. ಹೆದ್ದಾರಿಯಲ್ಲಿ ಕಾರು ತೇಲಿಕೊಂಡು ಹೋಯಿತು. ಮೋಟೆಬೆನ್ನೂರು ದಾಟಿದ್ದು ನನಗೇ ಗೊತ್ತಾಗಲಿಲ್ಲ. ಹಾವೇರಿಯೊಳಗೆ ಗೋವಿನಜೋಳ ತುಂಬಿದ ಟ್ರ್ಯಾಕ್ಟರೊಂದು ಅಡ್ಡ ನಿಂತಿದ್ದರಿಂದ ಕಾರು ನಿಲ್ಲಿಸಬೇಕಾಯಿತು. ಆಗ ಅತ್ತೆಗೆ ಎಚ್ಚರವಾಯಿತು. ಕಾರು ನಿಂತಿತ್ತು, ಇಂಜಿನ್ ಗುರುಗುಡುತ್ತಿತ್ತು, ಹೊರಗೆ ಊರಿನ ಗದ್ದಲ ಇತ್ತು. ಟ್ರ್ಯಾಕ್ಟರು ಸರಿದದ್ದೇ ತಡ, ನಾನು ಮೆಲ್ಲಗೆ ಮುಂದೆ ಹೊರಟೆ.

"ಗಿರಿಜಾ, ಇನ್ನೂ ಏನ್ ಮಾಡಾಕತ್ಯಾರ ನಿನ್ನ ಗಂಡ? ಗಾಲಿ ಒದಿಯೂದು ಮುಗೀಲಿಲ್ಲೇನು?" ಎಂದರು ಅತ್ತೆ.

ನಾನು ಬೆಚ್ಚಿ ಕನ್ನಡಿಯಲ್ಲಿ ಗಿರಿಜಾಳನ್ನು ನೋಡಿದೆ. ನಾನು ಇನ್ನೂ ಕೆಳಗೇ ಇದ್ದೇನೆ, ಗಾಡಿ ರಾಣೇಬೆನ್ನೂರು ಬಿಟ್ಟಿಲ್ಲ ಎಂದು ಅತ್ತೆ ತಿಳಿದಿದ್ದಾರೆ! ಗಿರಿಜಾ ಹೇಳಲೆಂದು ಬಾಯಿ ತೆರೆದಳು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಹೀಗೆ ಕಳ್ಳಗಿವಿ ಕೊಡುವುದು ತಪ್ಪೆಂದು ನನಗೆ ಗೊತ್ತಿತ್ತು. ಆದರೆ ಇಪ್ಪತ್ತೆರಡು ವರ್ಷ ಕಾದವನು ನಾನು.

"ಮನಿಶ್ಯಾ ಚಲೋ, ಬಾಯಿ ಒಂದೀಟು ಸಡ್ಲ" ಎಂದು ಅತ್ತೆ ಮುಂದುವರಿಸಿದರು. "ಜರ್ಮನಿ, ಜರ್ಮನಿ. ಮೊನ್ನೆ ನಮ್ಮ ಓಣಿ ಶಾಂತವ್ವನ ದಿವಸಕ್ಕ ಬಂದಾಗೂ ಅದ ಮಾತು. ತೀರಿಕೊಂಡಾಕಿಗೆ ರೋಡು ತಗೊಂಡು ಏನ್ ಆಗಬೇಕು?"

ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾರು ಅಗಡಿಯ ರಸ್ತೆಗೆ ತಿರುಗಿತು. ಆ ರಸ್ತೆಯನ್ನು ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ಆ ಬೇಸಿಗೆಯಲ್ಲಿ ಅದಕ್ಕೆ ಹೊಸ ಡಾಂಬರು ಬಿದ್ದದ್ದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

"ಇನ್ನೊಂದು ಹೇಳ್ತೇನಿ, ಅವ್ರ ಮುಂದ ಬಾಯಿ ಬಿಡಬ್ಯಾಡ" ಎಂದು ಅತ್ತೆ ದನಿ ತಗ್ಗಿಸಿದರು. "ಎರಡು ವರ್ಷ ಕತ್ರಿಗೆ ಹೆದರ್ತೇನಿ ಅಂದ್ನೆಲ್ಲಾ, ಸುಳ್ಳು. ನಾಕು ಹಡದಾಕಿ ನಾ, ಕತ್ರಿಗೆ ಹೆದರ್ತೇನೇನು? ಹೆದರಿದ್ದು ಈ ಗಾಡಿಗೆ. ಕಣ್ಣು ಮಾಡಿಸಿದ್ರ ಇದರಾಗ ಕುಂದ್ರಿಸಿಕೊಂಡು ಬರ್ತಾರ, ಹಾಕಿದ ಕಣ್ಣು ಹಾದ್ಯಾಗ ಬಿದ್ದು ಹೋಗ್ತೈತಿ ಅಂತ ಅಂಜಿಕಿ."

"ಮತ್ತ ಹೇಳಬಾರದಾಗಿತ್ತೇನ ಅವ್ವಾ?" ಎಂದಳು ಗಿರಿಜಾ, ಈಗ ನಗದೆ.

"ಹೆಂಗ ಹೇಳ್ಲಿ? ಗಾಡಿ ತಗೊಂಡ ದಿವಸ ಮೊದಲ ನನ್ನ ಕುಂದ್ರಿಸಿಕೊಂಡು ಊರು ತುಂಬಾ ತಿರಗ್ಯಾಡಿಸಿದ್ರು. ಅಂಥವ್ರಿಗೆ ನಿಮ್ಮ ಗಾಡಿ ಸುಮಾರೈತಿ ಅನ್ನಾಕ ನನಗ ಬಾಯಿ ಹೆಂಗ ಬರಬೇಕು?" ಕರಿ ಚಸ್ಮಾ ಸರಿಮಾಡಿಕೊಂಡು ಮತ್ತೆ ಹೇಳಿದರು: "ನಿಮ್ಮಪ್ಪ ಹುಬ್ಬಳ್ಳಿ ದವಾಖಾನ್ಯಾಗ ಮಲಗಿದಾಗ ದಿನಾ ಬ್ಯಾಡಗಿಯಿಂದ ಬುತ್ತಿ ತಂದವ್ರು ಇವ್ರು. ನಿಮ್ಮಪ್ಪನ ಕಾಲು ತೊಳದು ಒರಸ್ತಿದ್ರು, ನಾ ಕಣ್ಣಾರೆ ಕಂಡೇನಿ. ಜರ್ಮನಿಗೆ ಹದಿನೆಂಟು ದಿವಸ ಹೋಗಿದ್ದನ್ನ ಊರಿಗೆಲ್ಲಾ ಹೇಳ್ತಾರ. ಅದನ್ನ ಮಾತ್ರ ಒಬ್ಬರ ಮುಂದೂ ಆಡಲಿಲ್ಲ."

ಆ ಬುತ್ತಿ ನನಗೆ ಮರೆತೇ ಹೋಗಿತ್ತು. ಕಣ್ಣು ಮಂಜಾಯಿತು. ಅತ್ತೆಯ ಕಣ್ಣಿನ ಚಿಂತೆಯಲ್ಲಿ ಮೂರು ಊರು ದಾಟಿ ಬಂದವನು ನನ್ನ ಕಣ್ಣಿನ ಕಡೆ ಲಕ್ಷ್ಯ ಕೊಟ್ಟಿರಲಿಲ್ಲ. ಅತ್ತೆಯ ಮನೆಯ ಮುಂದೆ, ಮೋಟರ್ ಸೈಕಲ್ಲಿನ ಹುಡುಗರು ಜೋರಾಗಿ ಹೋಗುತ್ತಾರೆಂದು ಗಿರಿಜಾಳ ತಮ್ಮನೇ ಕಲ್ಲು ಮಣ್ಣು ಸೇರಿಸಿ ಹಾಕಿದ ಹಂಪೊಂದಿದೆ. ಅದು ನನಗೆ ಕಾಣಲಿಲ್ಲ. ಧಡ್ ಎಂದಿತು.

"ಹಾಂ, ಈಗ ಹೊಂಟ್ತು ನೋಡು ಗಾಡಿ!" ಎಂದರು ಅತ್ತೆ. ನಾನು ಬಂದು ಕೂತೆನೆಂದು ತಿಳಿದು ಸೆರಗು ಮುಂದಕ್ಕೆ ಎಳೆದುಕೊಂಡು, "ಅಳಿಯಾರಿಗೆ ಸಾವಕಾಶ ಹೊಡೀರಿ ಅನ್ನವಾ, ಅಗಡಿ ದೂರ ಐತಿ" ಎಂದು ಮಗಳಿಗೆ ಹೇಳಿದರು.

"ಅವ್ವಾ, ಅಗಡಿ ಬಂತು. ಮನಿ ಮುಂದ ಅದೇವಿ" ಎಂದಳು ಗಿರಿಜಾ.

ಅತ್ತೆ ಪಟ್ಟಿಯನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡರು, ಸೆರಗನ್ನು ಗದ್ದದವರೆಗೂ ಎಳೆದುಕೊಂಡರು, ಹೊರಗೆ ಬಂದ ಮಗನ ಕೈ ಹಿಡಿದು ಒಳಗೆ ಹೋದರು. ಐದು ನಿಮಿಷದ ಮೇಲೆ ಬಾಗಿಲ ಮರೆಯಿಂದ, ಅಳಿಯನಿಗೆ ಚಹಾ ಬೇಕೇನೆಂದು ಕೇಳುವ ದನಿ ಬಂತು. ದನಿಯಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. ಎಂಟು ದಿನದ ಮೇಲೆ ಡಾಕ್ಟರು ನೋಡಿ ಕಣ್ಣು ಮುತ್ತಿನಂತೆ ಕೂತಿದೆ ಎಂದಾಗ, ಆ ಒಂದು ಧಡ್ಡಿನಿಂದ ಎಂಟು ದಿನ ನಿದ್ದೆಗೆಟ್ಟ ನಾನು ದವಾಖಾನೆಯ ಬಾಗಿಲಲ್ಲೇ ಕೈ ಮುಗಿದೆ. ಡಾಕ್ಟರಿಗೆ ಮುಗಿದೆನೋ, ಖಾದರಸಾಬರಿಗೋ, ಡಾಂಬರು ಹಾಕಿದ ಯಾರಿಗೋ, ನನಗೇ ತಿಳಿಯದು.

ಎರಡು ತಿಂಗಳ ನಂತರ ಎರಡನೆಯ ಕಣ್ಣಿನ ಆಪರೇಷನ್ ಆಯಿತು. ಈ ಸಲ ಅತ್ತೆ ಹೋಗುವಾಗಲೂ ನಮ್ಮ ಕಾರಿನಲ್ಲೇ ಹೋದರು. ಬರುವಾಗ ಹೊಸದಾಗಿ ಬಂದ ಕಣ್ಣಿನಿಂದ ಹೊರಗೆ ನೋಡುತ್ತ ಗೋವಿನಜೋಳದ ಹೊಲ, ಲಾರಿ, ಮೋಟೆಬೆನ್ನೂರಿನ ಬೋರ್ಡು ಎಲ್ಲವನ್ನೂ ಮಗಳಿಗೆ ತೋರಿಸುತ್ತಿದ್ದರು. ನಾನು ಜೀವಮಾನದಲ್ಲೇ ಅಷ್ಟು ನಯವಾಗಿ ಗಾಡಿ ಓಡಿಸಿರಲಿಲ್ಲ. ಜರ್ಮನಿಯ ಮಾತು ಎತ್ತಲಿಲ್ಲ, ಹಂಪು ಇದ್ದಲ್ಲೆಲ್ಲ ಇರುವೆಗೂ ನೋವಾಗದಂತೆ ದಾಟಿಸಿದೆ. ದಾಟಿಸಿದಾಗೊಮ್ಮೆ, ಹಿಂದಿನ ಸೀಟಿನಿಂದ ಒಳ್ಳೆಯ ಮಾತೇನಾದರೂ ಬರುತ್ತದೆಯೇ ಎಂದು ಕನ್ನಡಿಯತ್ತ ಕಣ್ಣು ಹಾಯಿಸಿದೆ. ಹಾವೇರಿ ದಾಟಿತು, ಅಗಡಿಯ ರಸ್ತೆ ಬಂತು, ಏನೂ ಬರಲಿಲ್ಲ. ಐದಾರನೆಯ ಸಲ ನೋಡಿದಾಗ ಅತ್ತೆ ಕನ್ನಡಿಯೊಳಗೇ ನನ್ನನ್ನು ನೇರವಾಗಿ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸಲ ಮಗಳ ಹಂಗಿಲ್ಲದೆ ನನ್ನ ಜೊತೆ ಮಾತಾಡಿದರು:

"ಅಳಿಯಾರ, ಹೇಳೂದೆಲ್ಲಾ ಆವತ್ತ ಹೇಳೇನಿ. ಈಗ ರೋಡ್ ನೋಡಿ ಹೊಡೀರಿ."