ಲಂಟಾನದೊಳಗಿನ ಕಲ್ಲು

ಫಾರೆಸ್ಟ್ ಗಾರ್ಡ್ ಒಂದು ಮಾತು ಹೇಳಿ ಹೋದದ್ದೇ ಅರಂತೋಡಿನ ಕುಕ್ಕಪ್ಪ ಗೌಡರ ನಿದ್ದೆ ಕೆಡಿಸಿತು. ಅವರ ತೋಟಕ್ಕೆ ತಾಗಿದ, ಸರಕಾರದ್ದಾದರೂ ಸೊಪ್ಪು ತರಲು ಅವರಿಗೆ ಹಕ್ಕಿದ್ದ ಕುಮ್ಕಿ ಗುಡ್ಡದಲ್ಲಿ ಲಂಟಾನ ಬೆಳೆದು ಕಾಡುಹಂದಿಗಳ ಬಿಡಾರವಾಗಿದೆ. ನಾಳೆ ಸಂಜೆಯೊಳಗೆ ಸವರದಿದ್ದರೆ ಸೊಪ್ಪು ತೆಗೆಯುವ ಹಕ್ಕು ರದ್ದು ಮಾಡಲು ಮೇಲಕ್ಕೆ ಬರೆಯುತ್ತೇನೆ ಎಂದಿದ್ದ. ಸೊಪ್ಪಿಲ್ಲದೆ ದನದ ಹಟ್ಟಿ ನಡೆಯದು, ಗೊಬ್ಬರವಿಲ್ಲದೆ ತೋಟ ನಡೆಯದು.

ಬೆಳಕು ಹರಿಯುವ ಮೊದಲೇ ಗೌಡರು, ಹೆಂಡತಿ ಲೋಲಾಕ್ಷಿ ಗುಡ್ಡದ ತಲೆಯಿಂದ ಸವರುತ್ತಾ ಇಳಿದರು. ಮುಳ್ಳು ಮೈಯೆಲ್ಲ ಗೀರಿತು. ಕಡಜ ಕುಟುಕಿ ಗೌಡರ ಕಿವಿ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಉಬ್ಬಿತು. ನೆರೆಯ ಮಹಾಗಣಪತಿ ಭಟ್ಟರು ಮಧ್ಯಾಹ್ನ ಬಂದು, ಕೈ ಕಟ್ಟಿ ನಿಂತು, ಬೇರು ಸಮೇತ ಕೀಳಬೇಕೆಂದು ಉಪದೇಶಿಸಿದರು.

ತೋಟದ ಬೇಲಿಗೆ ಹತ್ತು ಮಾರು ಉಳಿದಿದ್ದಾಗ, ಹಾಗೆ ಕಿತ್ತ ಒಂದು ಪೊದೆಯ ಕೆಳಗೆ ಪಾಚಿ ಹಿಡಿದ ಕಲ್ಲು ಕಂಡಿತು. ಭಟ್ಟರು ಚಪ್ಪಲಿ ಬಿಟ್ಟರು.

"ಕತ್ತಿ ಕೆಳಗಿಡಿ ಗೌಡ್ರೆ. ಇದು ನಾಗನ ಕಲ್ಲು. ಇನ್ನು ಇಲ್ಲಿ ಒಂದು ಕಡ್ಡಿ ಮುರಿಯುವ ಹಾಗಿಲ್ಲ."

"ಹತ್ತು ಮಾರು ಬಾಕಿ ಉಂಟು ಭಟ್ರೆ. ಗಾರ್ಡ್ ಬಂದರೆ ಎಂತ ಹೇಳುದು?"

"ಗಾರ್ಡನ್ನು ಹೇಗಾದರೂ ಒಪ್ಪಿಸಬಹುದು ಮಾರಾಯ್ರೆ. ನಾಗನನ್ನು ಹೇಗೆ ಒಪ್ಪಿಸುದು?"

ಲೋಲಾಕ್ಷಿ ಆಗಲೇ ಮನೆಗೆ ಓಡಿ ಹಾಲು, ಅರಸಿನ ತಂದಿದ್ದಳು. ಕಲ್ಲಿಗೆ ಅಭಿಷೇಕವಾಯಿತು. ಗೌಡರು ಎರಡು ಸಲ ಕತ್ತಿಗೆ ಕೈಚಾಚಿ ಎರಡು ಸಲವೂ ಹಿಂದೆಗೆದರು. ಬಿಸಿಲು ಇಳಿಯುತ್ತಿತ್ತು, ಅವರಿಗೆ ನಿಜವಾಗಿಯೂ ಅಳು ಬಂದಿತ್ತು.

ಗಾರ್ಡ್ ಬಂದ. ಗೌಡರು ಕೈಮುಗಿದು ನಾಗನ ವಿಷಯ ತಡವರಿಸುತ್ತಾ ಹೇಳಿದರು. ಅವನು ಬಗ್ಗಿ, ಅರಸಿನವನ್ನೂ ಪಾಚಿಯನ್ನೂ ಅಂಗೈಯಿಂದ ಒರಸಿದ. ಅಡಿಯಲ್ಲಿ ಕೆತ್ತಿದ ನಂಬರು, ಒಂದು ಬಾಣದ ಗುರುತು. ಅವನ ಮುಖ ಅರಳಿತು.

"ನಾಲ್ಕು ವರ್ಷದಿಂದ ಈ ಕಲ್ಲು ಹುಡುಕ್ತಾ ಇದ್ದೆವು ಗೌಡ್ರೆ. ಇದು ರಿಸರ್ವ್ ಕಾಡಿನ ಗಡಿಕಲ್ಲು. ಇಲ್ಲಿಂದ ಮೇಲಿನದ್ದು ಕುಮ್ಕಿ ಅಲ್ಲ. ಇನ್ನು ಅಲ್ಲಿಂದ ಒಂದು ಎಲೆ ತರುವ ಹಾಗಿಲ್ಲ."

ಬೆಳಗಿನಿಂದ ಬೋಳಿಸಿದ ಗುಡ್ಡವನ್ನು ಗೌಡರು ತಲೆಯೆತ್ತಿ ನೋಡಿದರು. ನಾಗನಲ್ಲವೆಂದು ತಿಳಿದ ಭಟ್ಟರು ಸದ್ದಿಲ್ಲದೆ ಚಪ್ಪಲಿ ಮೆಟ್ಟಿಕೊಂಡರು.

"ಹಾಗಾದರೆ ನನ್ನ ಕುಮ್ಕಿ ಯಾವುದು?" ಎಂದರು ಗೌಡರು.

ಗಾರ್ಡ್ ಕಲ್ಲಿಗೂ ಬೇಲಿಗೂ ನಡುವೆ ದಟ್ಟವಾಗಿ ನಿಂತಿದ್ದ ಲಂಟಾನವನ್ನು ತೋರಿಸಿದ. ಆಮೇಲೆ ಕಿಸೆಯಿಂದ ಪುಸ್ತಕ ತೆಗೆದ.

"ಇಷ್ಟೇ. ಇದನ್ನು ನೀವು ಸವರಲೇ ಇಲ್ಲವಲ್ಲ. ಬರೆಯದೆ ಆಗುದಿಲ್ಲ ನನಗೆ."